ಹಬ್ಬದ ವ್ಯಾಪಾರದ ನಷ್ಟ ಯಾರ ಪಾಲು?

ವಿಜಯದಶಮಿಯ ಮರುದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ, ಮಲ್ಲೇಶ್ವರ, ಗಾಂಧಿ ಬಜಾರುಗಳ ರಸ್ತೆಬದಿಯಲ್ಲಿ ಬಾಳೆಕಂದು, ಮಾವಿನ ಸೊಪ್ಪು, ಬೂದುಗುಂಬಳ ಮತ್ತು ಬಾಡಿದ ಸೇವಂತಿಗೆಯ ರಾಶಿ ಬಿದ್ದಿರುವುದು ಪ್ರತಿವರ್ಷದ ದೃಶ್ಯ. ನಗರಾಡಳಿತಕ್ಕೆ ಅದು ಕಸ ವಿಲೇವಾರಿಯ ಸಮಸ್ಯೆ. ಪತ್ರಿಕೆಗಳಿಗೆ ಒಂದು ಛಾಯಾಚಿತ್ರ. ಆ ರಾಶಿಯಲ್ಲಿರುವ ಒಂದೊಂದು ಕಾಯಿಗೂ ಯಾರೋ ಒಬ್ಬರು ಮುಂಚಿತವಾಗಿ ಹಣ ತೆತ್ತಿದ್ದರು ಎಂಬ ಸಂಗತಿಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಬಹುಮಟ್ಟಿಗೆ ಆ ಹೊತ್ತಿಗೆ ಸಗಟು ವ್ಯಾಪಾರಿಯ ಕಮಿಷನ್ ಕೈಸೇರಿರುತ್ತದೆ, ಲಾರಿಯ ಬಾಡಿಗೆ ಸಂದಾಯವಾಗಿರುತ್ತದೆ, ಹಮಾಲಿಯ ಕೂಲಿಯೂ ಮುಗಿದಿರುತ್ತದೆ. ಮಾರಾಟವಾಗದೆ ಉಳಿದದ್ದರ ಭಾರ ಈ ಸಾಲಿನ ಕೊನೆಯಲ್ಲಿ ನಿಂತಿರುವ ಚಿಲ್ಲರೆ ವ್ಯಾಪಾರಿಯದು.

ಹಬ್ಬದ ವ್ಯಾಪಾರದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ. ಗ್ರಾಹಕರ ಪರವಾಗಿ ನಿಂತವರು ಬೆಲೆ ಏರಿಕೆಯನ್ನು ದೂರುತ್ತಾರೆ. ವರ್ತಕರ ಪರವಾಗಿ ನಿಂತವರು ಆನ್‌ಲೈನ್ ಮಾರಾಟವನ್ನು ದೂರುತ್ತಾರೆ. ಇವೆರಡರ ನಡುವೆ ಮೂಲಭೂತವಾದ ಒಂದು ಪ್ರಶ್ನೆ ಮರೆಯಾಗುತ್ತದೆ. ವರ್ಷದಲ್ಲಿ ಬೆರಳೆಣಿಕೆಯ ದಿನ ಮಾತ್ರ ಬರುವ ಈ ಭಾರಿ ವ್ಯಾಪಾರಕ್ಕೆ ಬಡಾವಣೆಯ ಸಣ್ಣ ಅಂಗಡಿ ಸಿದ್ಧವಾಗುವುದು ಹೇಗೆ? ಆ ಸಿದ್ಧತೆಯಲ್ಲಿರುವ ಅಪಾಯವನ್ನು ಹೊರುವವರು ಯಾರು? ವರಮಹಾಲಕ್ಷ್ಮಿ ವ್ರತ, ಗೌರಿ–ಗಣೇಶ, ಆಯುಧಪೂಜೆ, ದೀಪಾವಳಿ, ಸಂಕ್ರಾಂತಿ, ಯುಗಾದಿಗಳ ಮುನ್ನಾದಿನ ಅಂಗಡಿಯ ಮುಂದೆ ಕಾಣುವ ನೂಕುನುಗ್ಗಲನ್ನು ಲಾಭವೆಂದು ಭಾವಿಸುವುದು ಸುಲಭ. ಅದು ಲಾಭವಾಗುವುದೋ ಸಾಲವಾಗುವುದೋ ಎಂಬುದು ತೀರ್ಮಾನವಾಗುವುದು ಅದಕ್ಕೂ ಮೂರು ನಾಲ್ಕು ವಾರ ಮುಂಚೆ, ಗಿರಾಕಿಗಳು ಹಬ್ಬದ ಮಾತನ್ನೇ ಎತ್ತದ ಹೊತ್ತಿನಲ್ಲಿ.

ಮೂರು ಬಗೆಯ ಸರಕು

ಬಡಾವಣೆಯ ದಿನಸಿ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಬ್ಬಕ್ಕೆಂದು ಅದು ತುಂಬಿಕೊಳ್ಳುವ ಸರಕಿನಲ್ಲಿ ಮೂರು ಬಗೆಗಳಿವೆ. ಹೂವು, ವೀಳ್ಯದೆಲೆ, ಗರಿಕೆ, ಬಾಳೆಕಂದುಗಳ ಬೇಡಿಕೆಯೂ ಬಾಳಿಕೆಯೂ ಒಂದೆರಡು ದಿನದ್ದು. ಬೂದುಗುಂಬಳ ತಿಂಗಳುಗಟ್ಟಲೆ ಕೆಡದೆ ಇರಬಲ್ಲದು. ಆದರೆ ಆಯುಧಪೂಜೆ ಮುಗಿದ ಸಂಜೆಯೇ ಅದನ್ನು ಕೇಳುವವರಿಲ್ಲ. ಕೊಬ್ಬರಿ, ಬೆಲ್ಲ, ಚಿರೋಟಿ ರವೆ, ಕಡಲೆಪುರಿ, ತುಪ್ಪ, ಒಣಹಣ್ಣುಗಳು ಕೆಲವು ವಾರವೋ ಕೆಲವು ತಿಂಗಳೋ ತಾಳುತ್ತವೆ. ಕರ್ಪೂರ, ಊದುಬತ್ತಿ, ಹತ್ತಿಯ ಬತ್ತಿ, ಮಣ್ಣಿನ ಹಣತೆಗಳು ಮುಂದಿನ ಹಬ್ಬದವರೆಗೆ ಉಳಿದರೂ ನಷ್ಟವಿಲ್ಲವೆಂದು ತೋರುತ್ತದೆ; ಆದರೆ ಅವುಗಳ ಮೇಲೆ ಹೂಡಿದ ಹಣ ಅಲ್ಲಿಯವರೆಗೆ ಕಪಾಟಿನಲ್ಲಿ ಸೆರೆಯಾಗಿರುತ್ತದೆ. ಹಬ್ಬದ ಸಿದ್ಧತೆಯೆಂದರೆ ಮೊದಲಿಗೆ ಈ ಮೂರನ್ನು ಬೇರೆ ಬೇರೆಯಾಗಿ ನೋಡುವುದು.

ಮೊದಲನೆಯ ಬಗೆಯ ಲೆಕ್ಕ ಎಷ್ಟು ಕಠೋರವಾದುದು ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ಸಾಕು. ಅಂಗಡಿಯವರೊಬ್ಬರು ತಲಾ 40 ರೂಪಾಯಿಯಂತೆ 100 ಬೂದುಗುಂಬಳ ಕೊಂಡು 60 ರೂಪಾಯಿಗೆ ಮಾರುತ್ತಾರೆಂದು ಇಟ್ಟುಕೊಳ್ಳೋಣ. ನೂರೂ ಮಾರಾಟವಾದರೆ 2,000 ರೂಪಾಯಿ ಉಳಿಯುತ್ತದೆ. 80 ಮಾರಾಟವಾದರೆ ಉಳಿಯುವುದು 800. ಮೂರನೆಯ ಒಂದು ಭಾಗ ಉಳಿದರೆ ಸಾಗಣೆಯ ವೆಚ್ಚವನ್ನು ಬಿಟ್ಟರೂ ಲಾಭ ಸೊನ್ನೆ. ಶೇ 50ರಷ್ಟು ಲಾಭವಿಟ್ಟು ಮಾರುವ ವ್ಯಾಪಾರಿಯನ್ನು ಕಂಡು ಸುಲಿಗೆಕೋರನೆನ್ನುವ ಗ್ರಾಹಕರು ಈ ಲೆಕ್ಕವನ್ನು ಗಮನಿಸುವುದಿಲ್ಲ. ಉಳಿಯಬಹುದಾದ ಸರಕಿನ ಬೆಲೆಯನ್ನು ಮಾರಾಟವಾಗುವ ಸರಕಿನಿಂದಲೇ ದುಡಿಯಬೇಕಾದ ಅನಿವಾರ್ಯತೆ ಆ ದರದಲ್ಲಿ ಅಡಗಿದೆ. ಹಬ್ಬದ ಹಿಂದಿನ ದಿನ ಏರುವ ಬೆಲೆ ಅದೇ ದಿನ ಮಧ್ಯಾಹ್ನದ ನಂತರ ಕುಸಿಯುವುದಕ್ಕೂ ಇದೇ ಕಾರಣ.

ಬೇಡಿಕೆಯನ್ನು ಮುಂಚಿತವಾಗಿ ಅಂದಾಜು ಮಾಡುವುದೂ ಬೆಂಗಳೂರಿನಂಥ ನಗರದಲ್ಲಿ ಸುಲಭವಲ್ಲ. ಹಬ್ಬ ತಿಂಗಳ ಮೊದಲ ವಾರದಲ್ಲಿ ಬಂತೇ, ಸಂಬಳ ಖರ್ಚಾಗಿಹೋದ ಕೊನೆಯ ವಾರದಲ್ಲಿ ಬಂತೇ ಎಂಬುದರ ಮೇಲೆ ಖರೀದಿಯ ಗಾತ್ರ ಬದಲಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಸಂಜೆಯ ಮಳೆ ಒಂದು ದಿನದ ವ್ಯಾಪಾರವನ್ನೇ ತೊಳೆದುಬಿಡಬಲ್ಲದು. ವರಮಹಾಲಕ್ಷ್ಮಿ ವ್ರತವನ್ನು ನಗರದಲ್ಲೇ ಆಚರಿಸುವ ಕುಟುಂಬಗಳು ದಸರೆ, ದೀಪಾವಳಿಗೆ ಸಾಲು ರಜೆ ಸಿಕ್ಕಿದರೆ ಊರಿಗೆ ಹೊರಡುತ್ತವೆ. ಕೆಎಸ್‌ಆರ್‌ಟಿಸಿ ಈ ದಿನಗಳಲ್ಲಿ ಪ್ರತಿವರ್ಷ ವಿಶೇಷ ಬಸ್‌ಗಳನ್ನು ಓಡಿಸುತ್ತದೆ. ಆ ಬಸ್ಸುಗಳಲ್ಲಿ ಹೊರಟವರು ಬಡಾವಣೆಯ ಅಂಗಡಿಯ ಗಿರಾಕಿಗಳೇ. ಹೀಗಾಗಿ ಹೋದ ಹಬ್ಬದ ಅನುಭವವನ್ನು ಈ ಹಬ್ಬಕ್ಕೆ ಹಾಗೆಯೇ ಅನ್ವಯಿಸಿದ ಅಂಗಡಿಕಾರರು ಪೆಟ್ಟು ತಿನ್ನುತ್ತಾರೆ.

ಸಾಲಕ್ಕೆ ಹಬ್ಬವಿಲ್ಲ

ಇಷ್ಟು ಅನಿಶ್ಚಿತವಾದ ವ್ಯಾಪಾರಕ್ಕೆ ಬಂಡವಾಳ ಬರುವುದು ಎಲ್ಲಿಂದ? ಕಂಪನಿಗಳ ವಿತರಕರು ನೀಡುವ ಉದ್ದರಿ ಒಂದು ಮೂಲ. ಅದರ ಗಡುವು ಸಾಮಾನ್ಯವಾಗಿ ಒಂದೆರಡು ವಾರ. ಹಬ್ಬ ಸಮೀಪಿಸುತ್ತಿದ್ದಂತೆ ಇಷ್ಟು ಪೆಟ್ಟಿಗೆ ಕೊಂಡರೆ ಇನ್ನಷ್ಟು ಉಚಿತ ಎಂಬ ‘ಸ್ಕೀಮು’ಗಳು ಬರುತ್ತವೆ. ಅಗತ್ಯಕ್ಕಿಂತ ಹೆಚ್ಚು ಸರಕನ್ನು ಅಂಗಡಿಯೊಳಗೆ ದೂಡುವ ಈ ಉಪಾಯದಿಂದ ವಿತರಕರ ಮಾರಾಟದ ಗುರಿ ತಲುಪುತ್ತದೆ. ಅಂಗಡಿಯ ಕಪಾಟು ಉಸಿರುಗಟ್ಟುತ್ತದೆ. ಸಂಬಂಧಿಕರ ಕೈಸಾಲ, ಒಡವೆಯ ಗಿರವಿ, ಹಬ್ಬಕ್ಕೆ ಸರಿಯಾಗಿ ಎತ್ತಿದ ಚೀಟಿ ಇತರ ಮೂಲಗಳು. ಬೀದಿಬದಿಯ ಹೂವು ಹಣ್ಣಿನ ವ್ಯಾಪಾರಿಗಳಿಗಂತೂ ಬೆಳಿಗ್ಗೆ 900 ರೂಪಾಯಿ ಕೈಗಿತ್ತು ಸಂಜೆ 1,000 ಎಣಿಸಿಕೊಳ್ಳುವ ಮೀಟರ್ ಬಡ್ಡಿಯ ಪರಿಚಯ ಚೆನ್ನಾಗಿದೆ. ಒಂದು ದಿನಕ್ಕೆ ಶೇ 11ಕ್ಕೂ ಮಿಗಿಲಾದ ಬಡ್ಡಿ ಅದು.

ಸರ್ಕಾರಗಳು ಏನನ್ನೂ ಮಾಡಿಲ್ಲ ಎನ್ನುವಂತಿಲ್ಲ. ಇಂಥ ಬಡ್ಡಿಯಿಂದ ಬಿಡಿಸಲೆಂದೇ 2018ರಲ್ಲಿ ರಾಜ್ಯ ಸರ್ಕಾರ ‘ಬಡವರ ಬಂಧು’ ಯೋಜನೆಯನ್ನು ಆರಂಭಿಸಿ, ಸಹಕಾರಿ ಬ್ಯಾಂಕುಗಳ ಮೂಲಕ 10,000 ರೂಪಾಯಿವರೆಗೆ ಬಡ್ಡಿರಹಿತ ಸಾಲ ನೀಡಲು ಮುಂದಾಯಿತು. ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಯೋಜನೆ 2020ರ ಜೂನ್‌ನಲ್ಲಿ ಆರಂಭವಾಯಿತು. 2025ರ ಆಗಸ್ಟ್‌ನಲ್ಲಿ ಅದರ ಅವಧಿಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಕಂತಿನ ಸಾಲವನ್ನು 10,000ದಿಂದ 15,000 ರೂಪಾಯಿಗೆ ಏರಿಸಲಾಯಿತು. ಆದರೆ ಇವೆರಡೂ ಬೀದಿ ವ್ಯಾಪಾರಿಗಳಿಗಾಗಿ ರೂಪುಗೊಂಡವು. ಹತ್ತಡಿ ಅಗಲದ ಬಾಡಿಗೆ ಮಳಿಗೆಯಲ್ಲಿ ಕುಳಿತವರು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಚಿಲ್ಲರೆ ಮತ್ತು ಸಗಟು ವ್ಯಾಪಾರವನ್ನು 2021ರ ಜುಲೈನಲ್ಲಿ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪಟ್ಟಿಗೆ ಸೇರಿಸಲಾಯಿತಾದರೂ ಆ ಸೇರ್ಪಡೆ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ಮುದ್ರಾ ಯೋಜನೆಯ ಸಾಲ ಅಂಗಡಿ ತೆರೆಯಲು, ವಿಸ್ತರಿಸಲು ನೆರವಾಗಬಹುದು. ಆದರೆ ಹಬ್ಬದ ವ್ಯಾಪಾರಕ್ಕೆ ಬೇಕಾದುದು ಆರು ಅಥವಾ ಎಂಟು ವಾರಗಳ ಅಲ್ಪಾವಧಿ ಸಾಲ. ಅರ್ಜಿ, ದಾಖಲೆ, ಪರಿಶೀಲನೆಗಳ ಸುತ್ತು ಮುಗಿಯುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತದೆ. ರೈತನಿಗೆ ಬಿತ್ತನೆಯ ಕಾಲಕ್ಕೆ ಬೆಳೆಸಾಲ ಬೇಕೆಂಬುದನ್ನು ನಮ್ಮ ವ್ಯವಸ್ಥೆ ಒಪ್ಪಿಕೊಂಡಿದೆ. ಚಿಲ್ಲರೆ ವ್ಯಾಪಾರಿಗೂ ಒಂದು ಬಿತ್ತನೆಯ ಕಾಲವಿದೆ ಎಂಬುದನ್ನು ಇನ್ನೂ ಒಪ್ಪಿಕೊಂಡಿಲ್ಲ.

ಉದ್ದರಿಯ ಗಡುವಿಗೆ ಕರುಣೆಯಿಲ್ಲವೆಂಬುದನ್ನು ಕಳೆದ ದಶಕದ ಎರಡು ಘಟನೆಗಳು ತೋರಿಸಿಕೊಟ್ಟಿವೆ. 2016ರಲ್ಲಿ ನರಕ ಚತುರ್ದಶಿ, ಬಲಿಪಾಡ್ಯಮಿಗಳು ಅಕ್ಟೋಬರ್ ಅಂತ್ಯದಲ್ಲಿ ಕಳೆದವು. ಹಬ್ಬದ ನಗದನ್ನು ಎಣಿಸಿ ಸಗಟು ವರ್ತಕರಿಗೆ ಬಾಕಿ ತೀರಿಸುವ ಹೊತ್ತಿಗೆ, ನವೆಂಬರ್ 8ರ ರಾತ್ರಿ, 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದವು. 2020ರಲ್ಲಿ ಯುಗಾದಿ ಬಂದದ್ದು ಮಾರ್ಚ್ 25ರಂದು. ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದ ಮೊದಲ ದಿನವೂ ಅದೇ. ದಿನಸಿ ಅಂಗಡಿಗಳಿಗೆ ಅಗತ್ಯ ಸೇವೆಯ ವಿನಾಯಿತಿ ಇತ್ತು. ಹಬ್ಬಕ್ಕೆಂದು ಬಟ್ಟೆ, ಪಾತ್ರೆ, ಉಡುಗೊರೆಗಳನ್ನು ತುಂಬಿಕೊಂಡಿದ್ದ ಅಂಗಡಿಗಳು ಬಾಗಿಲು ಹಾಕಿದವು. ಒಳಗಿದ್ದ ಸರಕಿನ ಮೇಲಿನ ಸಾಲ ಮಾತ್ರ ಹೊರಗೆ ಬೆಳೆಯುತ್ತಿತ್ತು. ಇವು ಅಪರೂಪದ ಆಘಾತಗಳೆಂದು ಬದಿಗಿಡಬಹುದು. ಆದರೆ 2025ರ ಹಬ್ಬದ ಋತುವನ್ನು ಹಾಗೆ ಬದಿಗಿಡಲಾಗದು.

2025ರ ಪಾಠ

ಆ ವರ್ಷದ ಜುಲೈನಲ್ಲಿ, ಶ್ರಾವಣದ ವ್ಯಾಪಾರಕ್ಕೆ ಅಂಗಡಿಗಳು ಸಿದ್ಧವಾಗುತ್ತಿದ್ದ ಹೊತ್ತಿಗೆ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಸಣ್ಣ ವ್ಯಾಪಾರಿಗಳ ಕೈಸೇರಿದವು. 2021–22ರಿಂದ ನಾಲ್ಕು ವರ್ಷಗಳ ಯುಪಿಐ ಪಾವತಿಯ ವಿವರಗಳನ್ನು ಆಧರಿಸಿ, ನೋಂದಣಿಯ ಮಿತಿಯಾದ 40 ಲಕ್ಷ ರೂಪಾಯಿ ವಹಿವಾಟನ್ನು ದಾಟಿಯೂ ಜಿಎಸ್‌ಟಿಗೆ ನೋಂದಾಯಿಸಿಕೊಳ್ಳದವರನ್ನು ಇಲಾಖೆ ಗುರುತಿಸಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಕೇಳಿ ನೋಟಿಸು ಹೋದದ್ದು ರಾಷ್ಟ್ರಮಟ್ಟದಲ್ಲಿ ಸುದ್ದಿಯಾಯಿತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಬೆಂಗಳೂರಿನ ಅಂಗಡಿಗಳ ಮುಂದೆ ಕಾಣಿಸಿಕೊಂಡವು. ಜುಲೈ 25ರಂದು ಬಂದ್ ನಡೆಸಲು ವರ್ತಕರು ನಿರ್ಧರಿಸಿದ್ದರು. ಎರಡು ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವರ್ತಕರ ಸಭೆ ನಡೆಸಿ, ವಿನಾಯಿತಿ ಇರುವ ಸರಕುಗಳ ವ್ಯಾಪಾರಿಗಳಿಂದ ತೆರಿಗೆ ವಸೂಲಿ ಮಾಡುವುದಿಲ್ಲ, ಮಿತಿ ದಾಟಿದವರು ನೋಂದಣಿ ಮಾಡಿಕೊಳ್ಳಬೇಕು ಎಂದ ಮೇಲೆ ಬಿಕ್ಕಟ್ಟು ತಣಿಯಿತು.

ಇಲ್ಲಿ ಎರಡೂ ಕಡೆಯ ವಾದವನ್ನು ತೂಗಿ ನೋಡುವುದು ಅಗತ್ಯ. ವರ್ಷಕ್ಕೆ 40 ಲಕ್ಷ ಎಂದರೆ ದಿನಕ್ಕೆ ಸುಮಾರು 11,000 ರೂಪಾಯಿ ವಹಿವಾಟು. ಜನನಿಬಿಡ ಬಡಾವಣೆಯ ಅಂಗಡಿಗೆ ಇದು ದೊಡ್ಡ ಮೊತ್ತವಲ್ಲ. ನೂರಕ್ಕೆ ಹತ್ತರಷ್ಟು ಲಾಭಾಂಶವೆಂದು ಉದಾರವಾಗಿ ಹಿಡಿದರೂ ವರ್ಷಕ್ಕೆ 4 ಲಕ್ಷ. ಬಾಡಿಗೆ, ವಿದ್ಯುತ್, ಸಹಾಯಕರ ಸಂಬಳ ಅದರಲ್ಲೇ ಕಳೆಯಬೇಕು. ವಹಿವಾಟನ್ನು ಆದಾಯವೆಂದು ಭಾವಿಸುವ ಸಾರ್ವಜನಿಕ ಕಲ್ಪನೆ ತಪ್ಪು. ಇನ್ನೊಂದೆಡೆ, ವಾರ್ಷಿಕ ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿನ ವರ್ತಕರು ರಾಜಿ ತೆರಿಗೆ ಪದ್ಧತಿಯಡಿ ವಹಿವಾಟಿನ ಶೇ 1ರಷ್ಟನ್ನು ಕಟ್ಟಿ ನಿರಾಳವಾಗಿರಬಹುದಿತ್ತು. 40 ಲಕ್ಷಕ್ಕೆ ಅದು 40,000 ರೂಪಾಯಿ. ಮುಂಚಿತವಾಗಿ ತಿಳಿದಿದ್ದರೆ ಕಟ್ಟಬಹುದಾದ ಸಣ್ಣ ಮೊತ್ತ, ನಾಲ್ಕು ವರ್ಷ ಕಳೆದ ಮೇಲೆ ಪೂರ್ಣ ದರ, ಬಡ್ಡಿ, ದಂಡಗಳೊಂದಿಗೆ ಬಂದಾಗ ಜೀವನವನ್ನೇ ನುಂಗುವ ಮೊತ್ತವಾಗುತ್ತದೆ. ಕಾನೂನು ಪಾಲನೆ ವರ್ತಕರ ಹೊಣೆ ಎಂಬುದು ನಿಜ. ಕಣ್ಣೆದುರಿಗಿದ್ದ ದತ್ತಾಂಶವನ್ನು ಮೊದಲ ವರ್ಷವೇ ಎಚ್ಚರಿಕೆಯಾಗಿ ಬಳಸದೆ ನಾಲ್ಕನೆಯ ವರ್ಷ ಆಯುಧವಾಗಿ ಬಳಸಿದ್ದು ಆಡಳಿತದ ಲೋಪ.

ಆತಂಕ ಆರುವ ಮುನ್ನ ಇನ್ನೊಂದು ಬದಲಾವಣೆ ಎದುರಾಯಿತು. ಜಿಎಸ್‌ಟಿ ದರಗಳನ್ನು ದೀಪಾವಳಿಯೊಳಗೆ ಪರಿಷ್ಕರಿಸುವುದಾಗಿ ಪ್ರಧಾನಿ ನರೇಂದ್ರ ಮೋದಿ ಅವರು ಆಗಸ್ಟ್ 15ರ ಭಾಷಣದಲ್ಲಿ ಘೋಷಿಸಿದರು. ಗಣೇಶ ಚತುರ್ಥಿ ಇದ್ದದ್ದು ಆಗಸ್ಟ್ 27ರಂದು. ಯಾವುದರ ಬೆಲೆ ಎಷ್ಟು ಇಳಿಯುತ್ತದೆಂದು ಅಂಗಡಿಕಾರರಿಗೂ ತಿಳಿಯದು, ಗಿರಾಕಿಗೂ ತಿಳಿಯದು. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಒಪ್ಪಿದ ಹೊಸ ದರಗಳು ನವರಾತ್ರಿಯ ಮೊದಲ ದಿನವಾದ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದವು. ಸೋಪು, ತಲೆಎಣ್ಣೆ, ಟೂತ್‌ಪೇಸ್ಟ್, ಬಿಸ್ಕತ್ತುಗಳ ತೆರಿಗೆ ಶೇ 18ರಿಂದ 5ಕ್ಕೆ, ತುಪ್ಪ, ಬೆಣ್ಣೆ, ಒಣಹಣ್ಣುಗಳ ತೆರಿಗೆ ಶೇ 12ರಿಂದ 5ಕ್ಕೆ ಇಳಿಯಿತು. ಗ್ರಾಹಕರ ದೃಷ್ಟಿಯಿಂದ ಇದು ಸ್ವಾಗತಾರ್ಹ ಕ್ರಮವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ನವರಾತ್ರಿಗೆಂದು ಆ ಹೊತ್ತಿಗಾಗಲೇ ತುಂಬಿಟ್ಟುಕೊಂಡ ಸರಕಿನ ಗತಿಯೇನು? 100 ರೂಪಾಯಿ ಮೂಲಬೆಲೆಯ ವಸ್ತುವಿಗೆ ಶೇ 18 ತೆರಿಗೆ ಸೇರಿ ಅಂಗಡಿ ಕೊಟ್ಟದ್ದು 118 ರೂಪಾಯಿ. ಅದನ್ನು 130ಕ್ಕೆ ಮಾರುತ್ತಿದ್ದರೆಂದು ಭಾವಿಸಿದರೆ, ತೆರಿಗೆ ಇಳಿಕೆಯ ನಂತರ ಅದೇ ಪ್ರಮಾಣದ ಲಾಭಾಂಶದಲ್ಲಿ ಹೊಸ ಬೆಲೆ ಸುಮಾರು 116 ರೂಪಾಯಿ. ಅಂದರೆ ಕೊಂಡ ಬೆಲೆಗಿಂತಲೂ ಕಡಿಮೆ. ಸಾಮಾನ್ಯ ನೋಂದಣಿ ಇರುವ ದೊಡ್ಡ ವರ್ತಕರಿಗೆ ಹಿಂದೆ ತೆತ್ತ ತೆರಿಗೆ ಹುಟ್ಟುವಳಿ ತೆರಿಗೆ ಜಮೆಯಾಗಿ ಖಾತೆಯಲ್ಲಿ ಉಳಿಯುತ್ತದೆ. ನೋಂದಣಿ ಇಲ್ಲದವರಿಗೆ, ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಹಳೆಯ ಸರಕಿನ ಮೇಲೆ ಪರಿಷ್ಕೃತ ಬೆಲೆಯ ಚೀಟಿ ಅಂಟಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಡಿಸೆಂಬರ್ 31ರವರೆಗೆ ಅವಕಾಶ ಕೊಟ್ಟಿತು. ಚೀಟಿ ಅಂಟಿಸಲು ಅನುಮತಿ ಸಿಕ್ಕಿತೇ ವಿನಾ ವ್ಯತ್ಯಾಸದ ಹಣ ಸಿಗುವ ಖಾತರಿ ಸಿಗಲಿಲ್ಲ. ಕಂಪನಿ ಮತ್ತು ವಿತರಕರು ವ್ಯತ್ಯಾಸವನ್ನು ತುಂಬಿಕೊಟ್ಟಲ್ಲಿ ಅಂಗಡಿ ಬದುಕಿತು. ಕೊಡದ ಕಡೆ ನಷ್ಟ ಅಂಗಡಿಯದಾಯಿತು. ಸುಧಾರಣೆಯ ಉದ್ದೇಶ ಒಳ್ಳೆಯದೇ ಆಗಿದ್ದರೂ ಅದರ ಸಣ್ಣದೊಂದು ವೆಚ್ಚವನ್ನು ಅತ್ಯಂತ ದುರ್ಬಲರ ಮೇಲೆ ಹೊರಿಸಲಾಯಿತು.

ಅಸಮಾನ ಪೈಪೋಟಿ

ಹೊಸ ದರ ಜಾರಿಯಾದ ಮರುದಿನವೇ, ಸೆಪ್ಟೆಂಬರ್ 23ರಂದು, ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ತಮ್ಮ ವಾರ್ಷಿಕ ಹಬ್ಬದ ಮಾರಾಟವನ್ನು ಆರಂಭಿಸಿದವು. ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿದಾಗ ಅದರ ಬಿಸಿ ತಟ್ಟಿದ್ದು ಮೊಬೈಲ್, ಎಲೆಕ್ಟ್ರಾನಿಕ್ ಅಂಗಡಿಗಳಿಗೆ. ಕೆಲವೇ ನಿಮಿಷಗಳಲ್ಲಿ ದಿನಸಿ ತಲುಪಿಸುವ ಕಂಪನಿಗಳು ಬಂದ ಮೇಲೆ ಅದು ಕರ್ಪೂರದ ಪೊಟ್ಟಣದವರೆಗೂ ಬಂದಿದೆ. ಹೂವು, ಬಾಳೆಎಲೆ, ಪೂಜಾ ಸಾಮಗ್ರಿ, ಪುಟ್ಟ ಗಣಪತಿಯ ಮೂರ್ತಿ ಎಲ್ಲವೂ ಮೊಬೈಲ್ ಪರದೆಯಲ್ಲಿ ಲಭ್ಯ.

ಇದನ್ನು ತಂತ್ರಜ್ಞಾನದ ವಿರುದ್ಧ ಸಂಪ್ರದಾಯದ ಕದನವೆಂದು ಚಿತ್ರಿಸುವುದು ಸರಿಯಲ್ಲ. ವ್ಯತ್ಯಾಸ ಇರುವುದು ನಷ್ಟವನ್ನು ತಾಳುವ ಶಕ್ತಿಯಲ್ಲಿ. ಹೂಡಿಕೆದಾರರ ಹಣದಿಂದ ನಡೆಯುವ ಕಂಪನಿ ಒಂದು ಹಬ್ಬದ ನಷ್ಟವನ್ನು ಗ್ರಾಹಕರನ್ನು ಗಳಿಸುವ ವೆಚ್ಚವೆಂದು ಬರೆದುಕೊಳ್ಳುತ್ತದೆ. ಬಡಾವಣೆಯ ಅಂಗಡಿಗೆ ಅಂಥ ಖಾತೆಯಿಲ್ಲ. ಈ ಕಂಪನಿಗಳು ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಿವೆ ಎಂದು ಗ್ರಾಹಕ ಉತ್ಪನ್ನಗಳ ವಿತರಕರ ಅಖಿಲ ಭಾರತ ಒಕ್ಕೂಟ 2024ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಯಿತು. ಆಯೋಗದ ವಿಚಾರಣೆಗಳು ವರ್ಷಗಳಲ್ಲಿ ಸಾಗುತ್ತವೆ. ಹಬ್ಬಗಳು ವಾರಗಳಲ್ಲಿ ಬಂದುಹೋಗುತ್ತವೆ.

ಆದರೂ ಸಣ್ಣ ಅಂಗಡಿಯ ಕೈ ಬರಿದಲ್ಲ. ತೂಕ ಮಾಡಿ ಕಾಲು ಕೆ.ಜಿ. ಬೆಲ್ಲ ಕೊಡುವುದು, ಹಬ್ಬದ ದಿನ ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುವುದು, ತಿಂಗಳ ಸಂಬಳದವರೆಗೆ ಬರೆದುಕೊಂಡು ಕೊಡುವುದು, ಯಾವ ಮನೆಯಲ್ಲಿ ಕಳಶ ಇಡುತ್ತಾರೆ, ಯಾವ ಮನೆಯಲ್ಲಿ ಗೌರಿ ಕೂರಿಸುತ್ತಾರೆ ಎಂಬುದನ್ನು ನೆನಪಿಟ್ಟು ಸಾಮಾನು ಕಟ್ಟುವುದು ಅದರ ಶಕ್ತಿ. ಈ ಪರಿಚಯವನ್ನು ವ್ಯಾಪಾರದ ಲೆಕ್ಕಕ್ಕೆ ಇಳಿಸುವುದೇ ನಿಜವಾದ ಸಿದ್ಧತೆ.

ಅತಿ ದಾಸ್ತಾನಿನ ಬೆಲೆ

ಹಬ್ಬದ ಸಿದ್ಧತೆಯಲ್ಲಿ ಹಣಕ್ಕಿಂತ ದೊಡ್ಡದು ಪಣಕ್ಕೆ ಬೀಳುವುದೂ ಉಂಟು. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ, ದೀಪಾವಳಿಗೆ ಇನ್ನೂ ಒಂದು ತಿಂಗಳಿರುವಾಗ, ಪಟಾಕಿ ಮಳಿಗೆ ಹಾಗೂ ಗೋದಾಮಿಗೆ ಬೆಂಕಿ ತಗುಲಿತು. ವಾಹನದಿಂದ ಸರಕು ಇಳಿಸುತ್ತಿದ್ದ ಹೊತ್ತು ಅದು. ಅಂದು 14 ಮಂದಿ ಸುಟ್ಟುಹೋದರು. ನಂತರ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದವರಿಂದ ಸಾವಿನ ಸಂಖ್ಯೆ ಇನ್ನೂ ಏರಿತು. ಅವರಲ್ಲಿ ಹೆಚ್ಚಿನವರು ಹಬ್ಬದ ಹಂಗಾಮಿಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ಯುವಕರು, ಕೆಲವರು ವಿದ್ಯಾರ್ಥಿಗಳು. ಪಟಾಕಿ ಅಂಗಡಿಯ ಅಪಾಯ ದಿನಸಿ ಅಂಗಡಿಯಲ್ಲಿಲ್ಲ ಎಂದು ಸಮಾಧಾನಪಡುವಂತಿಲ್ಲ. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳ ಇಕ್ಕಟ್ಟಿನ ಮಳಿಗೆಗಳಲ್ಲಿ ಹಬ್ಬದ ವಾರ ಮೆಟ್ಟಿಲ ಮೇಲೂ ಬಟ್ಟೆಯ ಗಂಟುಗಳಿರುತ್ತವೆ. ಒಂದೇ ವಿದ್ಯುತ್ ಬಿಂದುವಿನಿಂದ ದೀಪದ ಸರಗಳನ್ನು ಎಳೆಯಲಾಗುತ್ತದೆ. ಹೊರಹೋಗುವ ದಾರಿಯನ್ನು ಮುಚ್ಚಿದ ಪೆಟ್ಟಿಗೆಯ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಹಂಗಾಮಿ ನೌಕರರ ವಿಷಯವೂ ಇದಕ್ಕೆ ಸೇರಿಕೊಂಡಿದೆ. ಹದಿನೈದು ದಿನಕ್ಕೆ ಬರುವ ಹುಡುಗರಿಗೆ ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲುವ ಕೆಲಸ. ವಿರಾಮ, ಊಟ, ಮನೆಗೆ ಮರಳುವ ವ್ಯವಸ್ಥೆ ಮಾಲೀಕರ ಮರ್ಜಿ. ಮಾಲೀಕರ ಕುಟುಂಬದವರೇ ಅದೇ ಹದಿನಾಲ್ಕು ಗಂಟೆ ದುಡಿಯುತ್ತಾರೆ ಎಂಬುದು ವಿವರಣೆಯಾದೀತೇ ಹೊರತು ಸಮರ್ಥನೆಯಾಗದು.

ಅಂಗಡಿಯೊಳಗಿನ ಹೊಣೆ

ಹಾಗಿದ್ದರೆ ಸಣ್ಣ ಅಂಗಡಿ ತಾನೇ ಮಾಡಬಹುದಾದುದೇನು? ಮೊದಲನೆಯದು ಬರವಣಿಗೆ. ಯಾವ ಹಬ್ಬಕ್ಕೆ ಏನು ಎಷ್ಟು ತರಿಸಿದೆ, ಎಷ್ಟು ಉಳಿಯಿತು, ಎಷ್ಟು ಹೊತ್ತಿಗೆ ಮುಗಿಯಿತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಎರಡು ವರ್ಷದಲ್ಲಿ ಅದು ಯಾವ ಕಂಪನಿಯ ದತ್ತಾಂಶಕ್ಕೂ ಕಡಿಮೆಯಿಲ್ಲದ ಆಸ್ತಿಯಾಗುತ್ತದೆ. ಉಳಿದದ್ದನ್ನು ಬರೆಯುವುದು ಮಾರಾಟವಾದದ್ದನ್ನು ಬರೆಯುವುದಕ್ಕಿಂತ ಮುಖ್ಯ. ಎರಡನೆಯದು ಮುಂಗಡ ಬೇಡಿಕೆ. ಹಬ್ಬಕ್ಕೆ ಒಂದು ವಾರ ಮುಂಚೆ ಪರಿಚಿತ ಮನೆಗಳಿಂದ ಹೂವು, ಬಾಳೆಕಂದು, ತೆಂಗಿನಕಾಯಿಯ ಬೇಡಿಕೆಯನ್ನು ಅಲ್ಪ ಮುಂಗಡದೊಂದಿಗೆ ಪಡೆದರೆ ಬೇಗ ಹಾಳಾಗುವ ಸರಕಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಮೂರನೆಯದು ಒಟ್ಟುಗೂಡಿ ಖರೀದಿಸುವುದು. ಒಂದೇ ರಸ್ತೆಯ ನಾಲ್ಕು ಅಂಗಡಿಗಳು ಯಶವಂತಪುರದ ಎಪಿಎಂಸಿ ಪ್ರಾಂಗಣಕ್ಕೋ ಹೂವಿನ ಮಾರುಕಟ್ಟೆಗೋ ಒಂದೇ ವಾಹನ ಕಳುಹಿಸಿದರೆ ಸಾಗಣೆಯ ವೆಚ್ಚ ಹಂಚಿಹೋಗುತ್ತದೆ. ಎದುರಂಗಡಿಯವರನ್ನು ಶತ್ರುವೆಂದೇ ಬಗೆದವರಿಗೆ ಇದು ಕಷ್ಟ. ಆದರೆ ಅವರ ನಿಜವಾದ ಪ್ರತಿಸ್ಪರ್ಧಿ ಈಗ ಎದುರಂಗಡಿಯಲ್ಲಿಲ್ಲ.

ನಾಲ್ಕನೆಯದು ತೆರಿಗೆಯ ಶಿಸ್ತು. ನಗದಿಗೆ ಮರಳುವುದು ಪರಿಹಾರವಲ್ಲ. ಕ್ಯೂಆರ್ ಫಲಕ ತೆಗೆದ ಅಂಗಡಿಯ ಮುಂದೆ ಹಬ್ಬದ ದಿನ ಗಿರಾಕಿ ನಿಲ್ಲುವುದಿಲ್ಲ. ಅಂಗಡಿಯ ಖಾತೆಯನ್ನು ಮನೆಯ ಖಾತೆಯಿಂದ ಬೇರ್ಪಡಿಸಿ, ವಿನಾಯಿತಿ ಇರುವ ಸರಕಿನ ಮಾರಾಟವನ್ನು ಪ್ರತ್ಯೇಕವಾಗಿ ಬರೆದಿಟ್ಟು, ಮಿತಿ ಸಮೀಪಿಸಿದಾಗ ನೋಂದಣಿ ಮಾಡಿಸಿಕೊಳ್ಳುವುದು ಅಂತಿಮವಾಗಿ ಅಗ್ಗದ ದಾರಿ. ಬ್ಯಾಂಕಿನ ಸಾಲಕ್ಕೂ ಇದೇ ದಾಖಲೆ ಆಧಾರ. ಐದನೆಯದು ಗ್ರಾಹಕರೊಂದಿಗಿನ ಪ್ರಾಮಾಣಿಕತೆ. ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯುವುದು, ನೂಕುನುಗ್ಗಲಿನಲ್ಲಿ ತೂಕ ಕಡಿಮೆ ಮಾಡುವುದು, ಹೋದ ಹಬ್ಬದ ಹಳಸಿದ ಕೊಬ್ಬರಿಯನ್ನು ಈ ಹಬ್ಬಕ್ಕೆ ಬೆರೆಸುವುದು ನಡೆಯುವುದಿಲ್ಲವೆಂದು ಹೇಳಲಾಗದು. ಒಂದು ದಿನದ ಇಂಥ ಲಾಭ, ವರ್ಷದ ಉಳಿದ ದಿನಗಳ ಗಿರಾಕಿಯನ್ನು ಮೊಬೈಲ್ ಪರದೆಗೆ ದಾಟಿಸುತ್ತದೆ.

ಹೊರಗಿನ ಹೊಣೆ

ಇಷ್ಟೆಲ್ಲವನ್ನೂ ಅಂಗಡಿ ಮಾಡಿದರೂ ಅದರ ಕೈಮೀರಿದ ಸಂಗತಿಗಳು ಉಳಿಯುತ್ತವೆ. ರಸ್ತೆ ಅಗೆತ ಅವುಗಳಲ್ಲಿ ಮೊದಲನೆಯದು. ಮಾರುಕಟ್ಟೆ ರಸ್ತೆಯೊಂದನ್ನು ಹಬ್ಬದ ತಿಂಗಳಲ್ಲಿ ಅಗೆದರೆ ಅಲ್ಲಿನ ಅಂಗಡಿಗಳು ಕಳೆದುಕೊಳ್ಳುವುದು ಒಂದು ತಿಂಗಳ ವ್ಯಾಪಾರವನ್ನಲ್ಲ, ವರ್ಷದ ಉಳಿತಾಯವನ್ನು. ರಸ್ತೆ ಮರುವಿನ್ಯಾಸದ ಕಾಮಗಾರಿ ನಿಗದಿಯಂತೆ ಮುಗಿಯದೆ ಗಾಂಧಿ ಬಜಾರಿನ ವ್ಯಾಪಾರಿಗಳು ಒಂದಕ್ಕಿಂತ ಹೆಚ್ಚು ಹಬ್ಬದ ಋತುಗಳನ್ನು ಧೂಳು, ಗುಂಡಿಗಳ ನಡುವೆ ಕಳೆದದ್ದನ್ನು ನಗರ ಕಂಡಿದೆ. ಬಿಬಿಎಂಪಿಯ ಸ್ಥಾನದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ರಚನೆಯಾದ ಐದು ನಗರ ಪಾಲಿಕೆಗಳು ತಮ್ಮ ವ್ಯಾಪ್ತಿಯ ಪ್ರಮುಖ ಮಾರುಕಟ್ಟೆ ರಸ್ತೆಗಳಿಗೆ ಹಬ್ಬದ ಮೊದಲಿನ ನಾಲ್ಕು ವಾರ ಕಾಮಗಾರಿ ನಿಷೇಧದ ವೇಳಾಪಟ್ಟಿಯನ್ನು ಪ್ರಕಟಿಸಬೇಕು. ಇದಕ್ಕೆ ಹಣ ಬೇಕಿಲ್ಲ. ತಾತ್ಕಾಲಿಕವಾಗಿ ಬರುವ ಬಾಳೆಕಂದು, ಹೂವಿನ ವ್ಯಾಪಾರಿಗಳಿಗೆ ಜಾಗ ಗುರುತಿಸುವುದು, ಉಳಿದ ಹಸಿಕಸವನ್ನು ಅಂದೇ ರಾತ್ರಿ ಗೊಬ್ಬರದ ಘಟಕಕ್ಕೆ ಸಾಗಿಸುವುದು ಇದರೊಂದಿಗೆ ನಡೆಯಬೇಕು. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣ ಮಾರಾಟ ಸಮಿತಿಗಳಲ್ಲಿ ವ್ಯಾಪಾರಿಗಳಿಗೆ ಕನಿಷ್ಠ ಶೇ 40ರಷ್ಟು ಸ್ಥಾನ ನೀಡಿದೆ. ಇಂಥ ತೀರ್ಮಾನಗಳಿಗೆ ಆ ಸಮಿತಿಗಳೇ ಸೂಕ್ತ ವೇದಿಕೆ.

ಎರಡನೆಯದಾಗಿ, ಸಹಕಾರಿ ಬ್ಯಾಂಕುಗಳು ಸಣ್ಣ ವರ್ತಕರಿಗಾಗಿ ಎರಡು ತಿಂಗಳ ಅವಧಿಯ ಹಬ್ಬದ ಸಾಲವನ್ನು ರೂಪಿಸಬೇಕು. ಅದಕ್ಕೆ ಹಿಂದಿನ ವರ್ಷದ ಯುಪಿಐ ವಹಿವಾಟನ್ನೇ ಆಧಾರವಾಗಿ ಒಪ್ಪಬಹುದು. ನೋಟಿಸು ಕೊಡಲು ಸಾಕಾಗುವ ದಾಖಲೆ ಸಾಲ ಕೊಡಲೂ ಸಾಕಾಗಬೇಕು. ಮೂರನೆಯದಾಗಿ, ತೆರಿಗೆ ದರ ಬದಲಾದಾಗ ನೋಂದಣಿಯಿಲ್ಲದ ಮತ್ತು ರಾಜಿ ತೆರಿಗೆಯ ಅಂಗಡಿಗಳಲ್ಲಿರುವ ಹಳೆಯ ದಾಸ್ತಾನಿನ ಬೆಲೆ ವ್ಯತ್ಯಾಸವನ್ನು ತಯಾರಕರೇ ಭರಿಸುವ ನಿಯಮ ಬೇಕು. ನಾಲ್ಕನೆಯದಾಗಿ, ವಹಿವಾಟು ನೋಂದಣಿಯ ಮಿತಿ ಸಮೀಪಿಸುತ್ತಿರುವ ವರ್ತಕರಿಗೆ ಇಲಾಖೆಯಿಂದ ಅದೇ ವರ್ಷ ಕನ್ನಡದಲ್ಲಿ ಒಂದು ತಿಳಿವಳಿಕೆ ಪತ್ರ ಹೋಗಬೇಕು. ನಾಲ್ಕು ವರ್ಷಗಳ ನಂತರದ ನೋಟಿಸಿಗಿಂತ ಸಕಾಲದ ಒಂದು ಪತ್ರ ಬೊಕ್ಕಸಕ್ಕೂ ಹೆಚ್ಚು ಹಣ ತರುತ್ತದೆ.

ಸಣ್ಣ ಅಂಗಡಿಗೆ ದಯೆ ತೋರಬೇಕೆಂಬ ವಾದ ಇದಲ್ಲ. ವ್ಯಾಪಾರದಲ್ಲಿ ನಷ್ಟವೂ ಸಹಜ. ತನ್ನ ಅಂದಾಜು ತಪ್ಪಿದರೆ ಅದರ ಫಲವನ್ನು ವರ್ತಕರು ಉಣ್ಣಲೇಬೇಕು. ಆದರೆ ವಿತರಕರ ಗುರಿ, ಇಲಾಖೆಯ ವಿಳಂಬ, ಗುತ್ತಿಗೆದಾರರ ನಿಧಾನ, ಕಂಪನಿಗಳ ಬೆಲೆಸಮರ ಇವೆಲ್ಲದರ ತಪ್ಪನ್ನೂ ಒಂದೇ ಗಲ್ಲಾಪೆಟ್ಟಿಗೆ ತುಂಬಿಕೊಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಹಬ್ಬ ಎಂದು ಬರುತ್ತದೆಂಬುದನ್ನು ಪಂಚಾಂಗ ಯುಗಾದಿಯ ದಿನವೇ ಹೇಳಿಬಿಡುತ್ತದೆ. ಆ ದಿನಾಂಕ ಅಂಗಡಿಕಾರರಿಗೆ ಗೊತ್ತಿದೆ, ಗಿರಾಕಿಗೆ ಗೊತ್ತಿದೆ. ಕಚೇರಿಗಳೂ ಅದನ್ನು ತಮ್ಮ ದಿನದರ್ಶಿಯಲ್ಲಿ ಗುರುತು ಹಾಕಿಕೊಳ್ಳುವುದು ದೊಡ್ಡ ನಿರೀಕ್ಷೆಯೇನಲ್ಲ.